ತಲೆಗೆ ತಕ್ಕ ಟೋಪಿಯೋ, ಟೋಪಿಗೆ ತಕ್ಕ ತಲೆಯೋ?

ಬ್ಲಾಗಿನ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. ‘ಎಲ್ಲಿ ಹೋದ್ರಿ ಮಾರಾಯ್ರೇ, ಬರೆಯೋದು ಬಿಟ್ರಾ?’ ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ದರು. ಎಲ್ಲೂ ಹೋಗಿರಲಿಲ್ಲ. ಪಕ್ಕದ ಮನೆಯ ಗ್ಯಾರೇಜಿನಲ್ಲಿದ್ದೆ. ಕೈ, ಕುತ್ತಿಗೆಗೆಲ್ಲ ಫೈಬರ್‌ಗ್ಲಾಸ್ ಪುಡಿ ಮೆತ್ತಿಕೊಂಡು, ನಸುಗುನ್ನಿ ಕಾಯಿ ತಾಗಿದವರ ಹಾಗೆ ಕೆರೆದುಕೊಳ್ಳುತ್ತಾ :)

ಇವತ್ತು ಬರೆಯೋದು ಒಂದು ಕಾರಿನ ಟೋಪಿಯ ಬಗ್ಗೆ. ಕಾರು ಅಂದ ತಕ್ಷಣ ಓಡಿಹೋಗಬೇಡಿ. ಹಳೆಯದನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನೋ ಜಗಳ ಇದರೊಳಗಿದೆ. ಆ ಜಗಳದಲ್ಲಿ ನಾನು ಯಾವ ಕಡೆ ಅಂತ ಹೇಳಿಬಿಡೋಣ ಅಂತ ಕೂತಿದ್ದೇನೆ.

ನಾನಿರೋದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಸಣ್ಣ ಊರಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ, ಅಜ್ಜಿ. (ಹೆಸರು ಹಿಡಿದೇ ಕರೆಯೋದು ಇಲ್ಲಿಯ ಪದ್ಧತಿ. ನಾನೂ ಹಾಗೇ ಕರೀತೀನಿ. ಆದರೆ ಮನಸ್ಸಿನೊಳಗೆ ಅವರು ಅಜ್ಜ ಅಜ್ಜಿಯೇ.) ಅಜ್ಜ ತಮ್ಮ ವಯಸ್ಸಿನಲ್ಲಿ ಒಂದು ಕಾರ್ಖಾನೆಯಲ್ಲಿ ಕಾರುಗಳಿಗೆ ಸೀಟು, ರಬ್ಬರ್, ಮಡಚುವ ಹುಡ್ ಕೂರಿಸುವ ಕೆಲಸ ಮಾಡಿದವರು. ಅವರ ಗ್ಯಾರೇಜಿನಲ್ಲಿ ಒಂದು 1973ರ ಎಂಜಿ ಮಿಜೆಟ್ ಇದೆ. 1979ರಲ್ಲಿ, ಮದುವೆಯಾದ ಹೊಸತರಲ್ಲಿ, ಸೆಕೆಂಡ್ ಹ್ಯಾಂಡ್ ಕೊಂಡದ್ದು.

ಮಿಜೆಟ್ ನೋಡದವರಿಗೆ ಒಂಚೂರು ಪೀಠಿಕೆ. ಹೆಸರಿಗೆ ತಕ್ಕ ಹಾಗೆ ಕುಳ್ಳ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ. 1961ರಿಂದ 1979ರವರೆಗೆ ಇಲ್ಲಿಗೆ ಹತ್ತಿರದ ಆಬಿಂಗ್ಡನ್ ಅನ್ನೋ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಎರಡು ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು. 1980ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಇದಕ್ಕೆ ಆಸ್ಟಿನ್ ಹೀಲಿ ಸ್ಪ್ರೈಟ್ ಅಂತ ಒಂದು ಅವಳಿ ಇತ್ತು. ಹೆಸರಿನ ಫಲಕ ಮತ್ತು ಚಿಲ್ಲರೆ ಅಲಂಕಾರ ಬಿಟ್ಟರೆ ಎರಡೂ ಒಂದೇ ಕಾರು. ಹಾಗಾಗಿ ಇಲ್ಲಿಯ ಜನ ಎರಡನ್ನೂ ಸೇರಿಸಿ ‘ಸ್ಪ್ರಿಜೆಟ್’ ಅಂತ ಕರೆಯೋದುಂಟು.

ಇಂಥ ಕಾರಿಗೆ ಮಳೆ ಬಂದರೆ ಒಂದು ವಿನೈಲ್ ಬಟ್ಟೆಯ ಹುಡ್ ಇರುತ್ತೆ. ಕಬ್ಬಿಣದ ಚೌಕಟ್ಟು ಎತ್ತಿ, ಬಟ್ಟೆ ಎಳೆದು, ಮುಂದೆ ಸಿಕ್ಕಿಸಿ, ಸುತ್ತ ಟಿಚ್ ಬಟನ್ ಒತ್ತಬೇಕು. ಚಳಿಗೆ ಬಟ್ಟೆ ಬಿಗಿದುಕೊಂಡಿರುತ್ತೆ, ಟಿಚ್ ಬಟನ್ ಒತ್ತೋಕೆ ಹೆಬ್ಬೆರಳಲ್ಲಿ ಬಲ ಬೇಕು. ಅಜ್ಜನ ಬೆರಳುಗಳಿಗೆ ಸಂಧಿವಾತ. ದಿನಕ್ಕೆ ಎಷ್ಟೋ ಕಾರಿಗೆ ಹುಡ್ ಕೂರಿಸಿದ ಮನುಷ್ಯನಿಗೆ ಈಗ ತನ್ನ ಕಾರಿನ ಹುಡ್ ಹಾಕೋಕಾಗಲ್ಲ. ಹಾಕಿದರೂ ಸಂದಿಯಿಂದ ಗಾಳಿ. ಅಜ್ಜಿಗೆ ಕಿವಿಯ ಆಪರೇಷನ್ ಆಗಿದೆ, ತಣ್ಣನೆ ಗಾಳಿ ತಾಗಿದರೆ ನೋವು. ಹೀಗಾಗಿ ಮೂರು ಚಳಿಗಾಲದಿಂದ ಅವರು ಆ ಕಾರು ಹತ್ತಿರಲಿಲ್ಲ. ‘ಒಬ್ಬನೇ ಕೂತು ಓಡಿಸೋಕೆ ಈ ಕಾರು ಯಾಕೆ?’ ಅಂತ ಅಜ್ಜ ಕಳೆದ ಸೆಪ್ಟೆಂಬರಿನಲ್ಲಿ ‘ಮಾರಾಟಕ್ಕಿದೆ’ ಅಂತ ಕಾರ್ಡು ಬರೆದಿಟ್ಟಿದ್ದರು, ಊರ ಅಂಗಡಿಯ ಕಿಟಕಿಗೆ ಅಂಟಿಸೋಕೆ.

ನಾನು ಸುಮ್ಮನಿರಬೇಕಿತ್ತು. ‘ಗಟ್ಟಿ ಟಾಪ್ ಹಾಕಿದ್ರೆ?’ ಅಂದುಬಿಟ್ಟೆ.

ಹಾರ್ಡ್‌ಟಾಪ್ ಅಂದರೆ ಇಡೀ ಸೂರನ್ನೇ ಒಂದು ತುಂಡಾಗಿ ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದ ಹಾಗೆ ಮಾಡಿದ್ದು. ಹಿಂದೆ ಕಿಟಕಿ ಇರುತ್ತೆ. ಚಳಿಗಾಲದಲ್ಲಿ ಇಬ್ಬರು ಎತ್ತಿ ಕೂರಿಸಿದರೆ ಬೇಸಿಗೆಯವರೆಗೆ ಚಿಂತೆಯಿಲ್ಲ. ಉಕ್ಕಿನ ಸೂರು ಮಾಡೋಕೆ ದುಬಾರಿ ಅಚ್ಚು, ದೊಡ್ಡ ಪ್ರೆಸ್ಸು ಬೇಕು. ಫೈಬರ್‌ಗ್ಲಾಸಿಗೆ ಒಂದು ಅಚ್ಚು, ರಾಳ, ಗಾಜಿನ ನಾರಿನ ಚಾಪೆ, ಬ್ರಷ್ಷು ಸಾಕು. ಅದಕ್ಕೇ 1960ರ ದಶಕದಲ್ಲಿ ಇಂಗ್ಲೆಂಡಿನ ಎಷ್ಟೋ ಸಣ್ಣ ಷೆಡ್ಡುಗಳಲ್ಲಿ ಇಂಥ ಟಾಪ್‌ಗಳು ತಯಾರಾದವು.

ಹುಡುಕಿದಾಗ ನೂರಿಪ್ಪತ್ತು ಪೌಂಡಿಗೆ ಒಂದು ಸಿಕ್ಕಿತು. ‘ಸ್ಪ್ರೈಟ್, ಮಿಜೆಟ್ ಎರಡಕ್ಕೂ ಆಗುತ್ತೆ’ ಅಂದಿದ್ದರು ಮಾರುವವರು. ಖುಷಿಯಿಂದ ತಂದು ಕಾರಿನ ಮೇಲಿಟ್ಟೆವು. ಮುಂದೆ ಕೂತಿತು. ಹಿಂದೆ ಎರಡು ಬೆರಳು ಗಿಡ್ಡ! ಟಾಪ್ ತರೋಕೆ ಹೋದ ನನಗೇ ಟೋಪಿ ಬಿದ್ದಿತ್ತು.

ಆಮೇಲೆ ಓದಿ ತಿಳಿದದ್ದು. 1964ರಲ್ಲಿ ಈ ಕಾರಿಗೆ ಏರಿಸಿ ಇಳಿಸುವ ಗಾಜಿನ ಕಿಟಕಿ ಬಂತು, ಅದಕ್ಕೂ ಮುಂಚೆ ಪಕ್ಕಕ್ಕೆ ಸರಿಸುವ ಪರದೆಗಳಿದ್ದವು. 1966ರ ಕೊನೆಯಲ್ಲಿ ಹುಡ್ಡನ್ನು ಕಾರಿಗೇ ಕಾಯಂ ಜೋಡಿಸಿ ಹಿಂದಕ್ಕೆ ಮಡಚುವ ಹಾಗೆ ಮಾಡಿದರು. ಅದಕ್ಕೆ ಜಾಗ ಬೇಕಲ್ಲ, ಸೀಟಿನ ಹಿಂದಿನ ತೆರಪನ್ನು ದೊಡ್ಡದು ಮಾಡಿದರು. ನಮಗೆ ಸಿಕ್ಕಿದ್ದು 1964ಕ್ಕೂ 1966ಕ್ಕೂ ನಡುವಿನ ಕಾರಿನ ಟಾಪು. ಹಾಗಾಗಿ ಮುಂದೆ ಸರಿ, ಹಿಂದೆ ತಪ್ಪು. ಮಾರಿದವರು ಸುಳ್ಳು ಹೇಳಿರಲಿಲ್ಲ, ಅರ್ಧ ನಿಜ ಹೇಳಿದ್ದರು ಅಷ್ಟೇ.

ಈಗ ಏನು ಮಾಡೋದು? ಇಲ್ಲಿಂದ ಶುರುವಾಯ್ತು ನೋಡಿ ಜಗಳ.

ಹಳೇ ಕಾರು ಅಂದರೆ ಪ್ರಾಣ ಬಿಡುವ ಗೆಳೆಯರೊಬ್ಬರಿದ್ದಾರೆ. ಅವರದು ಮಡಿವಂತರ ಪಕ್ಷ. ‘ಆ ವರ್ಷದ ಕಾರಿಗೆ ಆ ವರ್ಷದ ಟಾಪೇ ಆಗಬೇಕು. ಇಲ್ಲಾಂದ್ರೆ ಹಾಕಲೇಬೇಡಿ. ಒಂದು ಸಲ ಜೋಡಣೆ ಶುರು ಮಾಡಿದರೆ ಅದು ಒರಿಜಿನಲ್ ಕಾರಲ್ಲ’ ಅಂದರು. ಇನ್ನೊಬ್ಬ ಗೆಳೆಯನದು ಪೂರಾ ಉಲ್ಟಾ. ‘ಹಿಂದುಗಡೆ ತಗಡಿನ ಮೇಲೆ ಒಂದು ಅಲ್ಯೂಮಿನಿಯಂ ಪಟ್ಟಿ ಹೊಡಿ, ನಾಲ್ಕು ತೂತು ಕೊರಿ, ಬೋಲ್ಟ್ ಬಿಗಿ, ಅರ್ಧ ದಿನದ ಕೆಲಸ’ ಅಂದ.

ನನ್ನ ಅಭಿಪ್ರಾಯ ಇಬ್ಬರಿಗೂ ರುಚಿಸಲಿಲ್ಲ. ಹೊಂದಿಸೋಣ. ಆದರೆ ಕಾರನ್ನು ಟಾಪಿಗೆ ಹೊಂದಿಸೋದು ಬೇಡ, ಟಾಪನ್ನು ಕಾರಿಗೆ ಹೊಂದಿಸೋಣ. ಕಾರಿನ ತಗಡಿಗೆ ಒಂದೇ ಒಂದು ಹೊಸ ತೂತೂ ಬೀಳಬಾರದು. ನಾಳೆ ಟಾಪ್ ತೆಗೆದಿಟ್ಟರೆ, ಇಂಥದ್ದೊಂದು ಇತ್ತು ಅನ್ನೋ ಗುರುತೇ ಕಾರಿನ ಮೇಲೆ ಉಳಿದಿರಬಾರದು.

ಇದೇನು ನನ್ನ ಹೊಸ ಸಂಶೋಧನೆಯಲ್ಲ. ನಮ್ಮ ಮಲೆನಾಡಿನ ಮನೆಯಲ್ಲಿ ಮಳೆಗಾಲ ಬಂತೆಂದರೆ ಬಾಗಿಲುಗಳು ಉಬ್ಬಿ ಹಾಕೋಕೇ ಬರುತ್ತಿರಲಿಲ್ಲ. ಆಚಾರಿ ಬರುತ್ತಿದ್ದರು. ಬಾಗಿಲು ಕಳಚಿ ಅಂಗಳದಲ್ಲಿಟ್ಟು ಉಜ್ಜುಗೊರಡು ಹಾಕುತ್ತಿದ್ದರು. ದಾರಂದಕ್ಕೆ ಮಾತ್ರ ಉಳಿ ತಾಗಿಸಿದ್ದನ್ನು ನಾನು ನೋಡಿಲ್ಲ. ಬಾಗಿಲು ಕೆಟ್ಟರೆ ಇನ್ನೊಂದು ಮಾಡಬಹುದು, ದಾರಂದ ಕೆತ್ತಿದರೆ ಗೋಡೆಯನ್ನೇ ಕೆಡವಬೇಕು. ಯಾವುದನ್ನು ಮತ್ತೆ ಮಾಡಬಹುದೋ ಅದನ್ನು ಕತ್ತರಿಸು, ಯಾವುದನ್ನು ಮಾಡಲಾಗದೋ ಅದನ್ನು ಮುಟ್ಟಬೇಡ. ಇಷ್ಟೇ ತತ್ವ.

ಹೇಳೋದು ಸುಲಭ. ಮಾಡೋಕೆ ಹೋದಾಗ ಗೊತ್ತಾಯ್ತು. ಮಾಡಿದ್ದನ್ನು ಒಂಚೂರು ವಿವರವಾಗಿಯೇ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲ ಪಾಠ: ಮುಂದಿನಿಂದ ಶುರು ಮಾಡಬೇಕು. ಮುಂಗಾಜಿನ ಚೌಕಟ್ಟು, ಬಾಗಿಲ ಕಿಟಕಿಯ ಗಾಜು ಎರಡೂ ಜಾಗ ಬಿಟ್ಟು ಕದಲಲ್ಲ. ಟಾಪು ಅವಕ್ಕೆ ಸರಿಯಾಗಿ ಕೂತ ಮೇಲೆ ಹಿಂದೆ ಏನು ಉಳಿಯುತ್ತೋ ಅದನ್ನು ನೋಡಿಕೊಳ್ಳಬೇಕು. ಕಿಟಕಿ ಪೂರ್ತಿ ಏರಿಸಿ, ಬಣ್ಣದ ಮೇಲೆಲ್ಲ ಟೇಪ್ ಅಂಟಿಸಿ, ಟಾಪ್ ಇಟ್ಟು, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದೆವು. ಎಡಕ್ಕೂ ಬಲಕ್ಕೂ ಆರು ಮಿಲಿಮೀಟರ್ ವ್ಯತ್ಯಾಸ! ಟಾಪ್ ಸೊಟ್ಟ ಅಂದುಕೊಂಡೆ. ತಿರುಗಿ ಅಳೆದರೆ ಸೊಟ್ಟಗಿದ್ದದ್ದು ಕಾರು.

ಅಜ್ಜ ಜೋರಾಗಿ ನಕ್ಕರು. ‘ನಾನು ಕೆಲಸ ಮಾಡುತ್ತಿದ್ದ ಲೈನಿನಲ್ಲಿ ಪ್ರತಿಯೊಬ್ಬನ ಹತ್ತಿರ ಒಂದು ರಬ್ಬರ್ ಸುತ್ತಿಗೆ, ಒಂದು ಮರದ ತುಂಡು ಇರುತ್ತಿತ್ತು. ಯಾತಕ್ಕೆ ಅಂದುಕೊಂಡೆ? ಒಂದು ಹುಡ್ಡೂ ಎರಡು ಕಾರಿಗೆ ಒಂದೇ ಥರ ಕೂರುತ್ತಿರಲಿಲ್ಲ. ಎಳೆದು, ತಟ್ಟಿ, ಒತ್ತಿ ಕೂರಿಸೋದೇ ನನ್ನ ಕೆಲಸ’ ಅಂದರು.

ಅಲ್ಲಿಗೆ ನನ್ನ ಮಡಿವಂತ ಗೆಳೆಯರ ವಾದ ನನ್ನ ಮಟ್ಟಿಗೆ ಮುಗಿಯಿತು. ‘ಒರಿಜಿನಲ್’ ಅಂತ ನಾವು ಕೈಮುಗಿಯೋದು ಏನನ್ನು? ಯಾವುದೋ ಕಾಲದಲ್ಲಿ ಯಾರೋ ಒಬ್ಬ ಕೆಲಸಗಾರ ಸುತ್ತಿಗೆ ಹಿಡಿದು ಹೊಂದಿಸಿದ್ದನ್ನು. ಅವನ ಹೊಂದಾಣಿಕೆ ಪವಿತ್ರ, ಇವತ್ತು ಅವನೇ ತನ್ನ ಕಾರಿಗೆ ಮಾಡೋ ಹೊಂದಾಣಿಕೆ ಅಪವಿತ್ರ ಅನ್ನೋದು ಯಾವ ನ್ಯಾಯ?

ಎರಡನೇ ಪಾಠ: ಕಾರನ್ನೇ ಅಚ್ಚು ಮಾಡಿಕೊಳ್ಳಬೇಕು. ಗಿಡ್ಡ ಬಿದ್ದಿದ್ದ ಹಿಂದಿನ ಅಂಚನ್ನು ಬೆಳೆಸಬೇಕಿತ್ತಲ್ಲ. ಮುಂದೆ ರಬ್ಬರ್ ಬೀಡಿಂಗ್ ಎಷ್ಟು ದಪ್ಪ ಬರುತ್ತೋ ಅಷ್ಟೇ ದಪ್ಪದ ಪಟ್ಟಿಯನ್ನು ಕಾರಿನ ಹಿಂಭಾಗದ ತಗಡಿನ ಮೇಲಿಟ್ಟು, ಅದರ ಮೇಲೆ ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪ್ ಸುಕ್ಕಿಲ್ಲದ ಹಾಗೆ ಅಂಟಿಸಿ, ಮೇಲೊಂದು ಕೈ ಮೇಣ ಉಜ್ಜಿದೆವು. ಪಾಲಿಯೆಸ್ಟರ್ ರಾಳ ಆ ಟೇಪಿಗೆ ಹಿಡಿಯಲ್ಲ. ಟಾಪಿನ ಅಂಚಿನ ಬಣ್ಣ, ಅದರಡಿಯ ಹೊಳಪಿನ ಪದರ ಎಲ್ಲ ಉಜ್ಜಿ, ಗಾಜಿನ ನಾರು ಕಾಣುವವರೆಗೆ ಎರಡಿಂಚು ಅಗಲಕ್ಕೆ ಓರೆಯಾಗಿ ತರಿದೆವು. ಇದು ಮುಖ್ಯ. ಹಳೇ ಫೈಬರ್‌ಗ್ಲಾಸಿಗೆ ಹೊಸ ರಾಳ ಬೆರೆತುಹೋಗಲ್ಲ, ಒರಟಾದ ಮೈ ಹಿಡಿದುಕೊಂಡು ಕೂರುತ್ತೆ ಅಷ್ಟೇ. ನುಣುಪಿನ ಮೇಲೆ ಹಚ್ಚಿದರೆ ಒಂದು ದಿನ ಹಪ್ಪಳದ ಹಾಗೆ ಎದ್ದು ಬರುತ್ತೆ. ಆಮೇಲೆ ಗಾಜಿನ ಚಾಪೆಯ ತುಂಡುಗಳನ್ನು ರಾಳದಲ್ಲಿ ನೆನೆಸಿ, ಟಾಪಿನ ಅಂಚಿನಿಂದ ಟೇಪಿನ ಮೇಲಕ್ಕೆ ಮೂರು ಪದರ ಹಾಸಿ, ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ಹೊರಡಿಸಬೇಕು. ಗಟ್ಟಿಯಾದ ಮೇಲೆ ಎತ್ತಿ, ಮಗುಚಿ, ಒಳಗಿನಿಂದ ಇನ್ನೆರಡು ಪದರ. ಹೀಗೆ ಮಾಡಿದ ಅಂಚು ಆ ಸೊಟ್ಟ ಕಾರಿನ ಸೊಟ್ಟಕ್ಕೆ ಸರಿಯಾಗಿ ಕೂರುತ್ತೆ, ಬೇರೆ ಯಾವ ಕಾರಿಗೂ ಕೂರಲ್ಲ.

ಮೂರನೇ ಪಾಠವನ್ನು ನಾನು ಮೈಮೇಲೆ ಎಳೆದುಕೊಂಡು ಕಲಿತೆ. ಈ ರಾಳ ಗಟ್ಟಿಯಾಗೋಕೆ ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲು ಹಾರ್ಡನರ್ ಹಾಕಬೇಕು, ಗ್ಯಾರೇಜು ಬೆಚ್ಚಗಿರಬೇಕು. ನವೆಂಬರಿನಲ್ಲಿ ಒಳಗೆ ಎಂಟು ಡಿಗ್ರಿ ಇದ್ದಾಗ ನಾನು ಹಚ್ಚಿದ ಮೊದಲ ಪದರ ಮೂರು ದಿನವಾದರೂ ಹಲಸಿನ ಮೇಣದ ಹಾಗೆ ಅಂಟಂಟು. ‘ಹೋಗ್ಲಿ, ಹಾರ್ಡನರ್ ಜಾಸ್ತಿ ಹಾಕೋಣ’ ಅಂತ ಮುಂದಿನ ಸಲ ಅಂದಾಜಿನಲ್ಲಿ ಸುರಿದೆ. ಅಡುಗೆಗೆ ಉಪ್ಪು ಹಾಕಿದ ಹಾಗೆ! ಮೊಸರಿನ ಡಬ್ಬಿಯಲ್ಲಿದ್ದ ರಾಳ ಬಿಸಿಯಾಗಿ, ಹೊಗೆಯಾಡಿ, ಡಬ್ಬಿಯೇ ಕರಗಿತು. ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಮಾರನೇ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದುಕೊಟ್ಟರು :) ಆ ಅಂಟು ಪದರವನ್ನೆಲ್ಲ ಕೆರೆದು ತೆಗೆದು, ಹೀಟರ್ ಇಟ್ಟು ಗ್ಯಾರೇಜನ್ನು ಇಪ್ಪತ್ತು ಡಿಗ್ರಿಗೆ ತಂದು, ಹೀಟರ್ ಆರಿಸಿದ ಮೇಲೆ ಕಿಟಕಿ ತೆರೆದುಕೊಂಡು ಮತ್ತೆ ಹಚ್ಚಿದೆವು. (ರಾಳದ ಆವಿಗೆ ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತೆ, ಹುಷಾರು. ಉಜ್ಜುವಾಗ ಮಾಸ್ಕ್ ಹಾಕದೆ ಹೋಗಬೇಡಿ. ತುರಿಕೆ ಎರಡು ದಿನಕ್ಕೆ ಹೋಗುತ್ತೆ, ಎದೆಯೊಳಗೆ ಹೋದ ಪುಡಿ ಅಷ್ಟು ಸುಲಭಕ್ಕೆ ಹೋಗಲ್ಲ.)

ಕೊನೆಗೆ ಉಳಿದದ್ದು ಬಿಗಿಯುವ ಕೆಲಸ. ಮುಂದೆ ಎರಡು ಕೊಕ್ಕೆ ಇವೆ, ತೊಂದರೆಯಿಲ್ಲ. ಹಿಂದೆ? ಸುಮ್ಮನೆ ಕೂರಿಸಿದರೆ ಆಗಲ್ಲ. ವೇಗವಾಗಿ ಹೋಗುವಾಗ ಟಾಪಿನ ಮೇಲೆ ಹರಿಯುವ ಗಾಳಿ ಅದನ್ನು ಮೇಲಕ್ಕೆ ಎಳೆಯುತ್ತೆ. ಕಿಟಕಿ ತೆರೆದಿದ್ದರೆ ಒಳಗಿನ ಗಾಳಿ ಕೆಳಗಿನಿಂದ ತಳ್ಳುತ್ತೆ. ಗಟ್ಟಿಯಾಗಿ ಬಿಗಿಯದಿದ್ದರೆ ಟಾಪು ಹಾರಿಹೋಗಿ ಹಿಂದೆ ಬರುವವರ ಮೇಲೆ ಬೀಳುತ್ತೆ. ಕಾರಿನೊಳಗೆ ಬಟ್ಟೆಯ ಹುಡ್ಡಿನ ಚೌಕಟ್ಟು ಕೂರುವ ಬೋಲ್ಟ್ ತೂತುಗಳು ಮೊದಲೇ ಇದ್ದವು. ಅವನ್ನೇ ಬಳಸೋಣ ಅಂತ ನಮ್ಮ ಲೆಕ್ಕ. ಟಾಪಿಗೆ ಬ್ರಾಕೆಟ್ ಜೋಡಿಸಿ ಇಳಿಸಿದರೆ ಏಳು ಮಿಲಿಮೀಟರ್ ತಪ್ಪಿತ್ತು.

ಡಿಸೆಂಬರ್ ರಾತ್ರಿ, ಬೆನ್ನು ನೋವು, ಹೊಟ್ಟೆ ಹಸಿವು. ಕೈಯಲ್ಲಿ ಡ್ರಿಲ್ ಇತ್ತು. ‘ಅಜ್ಜ, ಎರಡೇ ಎರಡು ಸಣ್ಣ ತೂತು. ಬೀಡಿಂಗ್ ಕೆಳಗೆ ಮುಚ್ಚಿಹೋಗುತ್ತೆ, ಯಾರಿಗೂ ಕಾಣಲ್ಲ’ ಅಂದೆ. ನಿಜ ಹೇಳ್ತೀನಿ, ಇಷ್ಟು ಹೊತ್ತು ನಿಮಗೆ ತತ್ವ ಹೇಳಿದ ನಾನೇ!

ಅಜ್ಜ ಸಿಟ್ಟು ಮಾಡಿಕೊಳ್ಳಲಿಲ್ಲ. ‘ಕಾಣದ ಜಾಗದಲ್ಲೇ ತುಕ್ಕು ಶುರುವಾಗೋದು’ ಅಂದರು, ಅಷ್ಟೇ. ಬೀಡಿಂಗ್ ಕೆಳಗೆ ನೀರು ನಿಲ್ಲುತ್ತೆ, ಕೊರೆದ ತೂತಿನ ಅಂಚಿನಲ್ಲಿ ಬಣ್ಣ ಇರಲ್ಲ, ಆ ತೆಳು ತಗಡು ಹತ್ತು ವರ್ಷದಲ್ಲಿ ಜರಡಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲುಬು. ನಾನು ಡ್ರಿಲ್ ಕೆಳಗಿಟ್ಟೆ. ಎರಡು ದಿನ ಬಿಟ್ಟು ಅಜ್ಜ ಕಬ್ಬಿಣದ ಪಟ್ಟಿಯಲ್ಲಿ ಬೇರೆ ಬ್ರಾಕೆಟ್ ಮಾಡಿದರು. ಗುಂಡು ತೂತಿನ ಬದಲು ಉದ್ದ ಸೀಳು, ಬೇಕಾದ ಕಡೆ ಸರಿಸಿ ಬಿಗಿಯುವ ಹಾಗೆ. ಬೆರಳು ಮಡಚದ ಕೈಯಲ್ಲಿ ಅರ ಹಿಡಿದು ಎರಡು ದಿನ ಉಜ್ಜಿದ್ದರು. ಟಾಪಿನೊಳಗೆ ಬೋಲ್ಟ್ ಬರುವ ಕಡೆ ಅಂಗೈ ಅಗಲದ ಉಕ್ಕಿನ ತಗಡು ಇಟ್ಟು ಅದರ ಮೇಲೆ ಮತ್ತೆ ಫೈಬರ್‌ಗ್ಲಾಸ್ ಹಾಸಿದೆವು, ಎಳೆತ ಒಂದೇ ಕಡೆ ಬಿದ್ದು ಟಾಪ್ ಹರಿಯಬಾರದು ಅಂತ.

ಕಾನೂನಿಗೂ ಈ ವ್ಯತ್ಯಾಸ ಗೊತ್ತಿದೆ ನೋಡಿ. 2018ರಿಂದ ಇಲ್ಲಿ 40 ವರ್ಷ ದಾಟಿದ ಕಾರುಗಳಿಗೆ ವರ್ಷವರ್ಷದ ತಪಾಸಣೆ ಕಡ್ಡಾಯವಲ್ಲ, ಆದರೆ ಕಳೆದ 30 ವರ್ಷದಲ್ಲಿ ಕಾರಿಗೆ ದೊಡ್ಡ ಬದಲಾವಣೆ ಆಗಿರಬಾರದು. ದೊಡ್ಡ ಬದಲಾವಣೆ ಅಂದರೆ ಚಾಸಿ, ಬಾಡಿಯ ಎಲುಬು, ಆಕ್ಸಲ್, ಎಂಜಿನ್ ಇಂಥವು. ಬಿಚ್ಚಿ ಇಡಬಹುದಾದ ಟೋಪಿಯ ತಂಟೆಗೆ ಅದು ಬರಲ್ಲ. ಇನ್ಶೂರೆನ್ಸಿನವರಿಗೆ ಮಾತ್ರ ಫೋನ್ ಮಾಡಿ ತಿಳಿಸಿದೆವು.

ನನ್ನ ವಾದಕ್ಕೆ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡ್ತೀನಿ. ಟಾಪು ಕೂಡ ಯಾರದೋ ಕೈಕೆಲಸವೇ. ಆ ಕಾಲದ ಹೆಸರಾಂತ ತಯಾರಕರ ಅಪರೂಪದ ಟಾಪು, ಫಲಕ ಗಿಲಕ ಎಲ್ಲ ಇದ್ದು ಬಿರುಕಿಲ್ಲದೆ ಸಿಕ್ಕಿದ್ದರೆ ನಾನು ಅದಕ್ಕೆ ಗರಗಸ ಹಾಕುತ್ತಿರಲಿಲ್ಲ. ಅದು ಸೇರಬೇಕಾದ ಕಾರನ್ನು ಹುಡುಕಿ ಕೊಟ್ಟುಬಿಡುತ್ತಿದ್ದೆ. ನಮ್ಮದಕ್ಕೆ ಹೆಸರಿರಲಿಲ್ಲ, ಒಂದು ಮೂಲೆ ಒಡೆದಿತ್ತು, ಯಾರೋ ನೆತ್ತಿಯ ಮೇಲೆ ಗಾಳಿಗೆ ಅಂತ ಕಂಡಿ ಕೊರೆದು ಆಮೇಲೆ ಮುಚ್ಚಿದ್ದರು. ಹಾಗಾಗಿ ಮಡಿವಂತರನ್ನು ನಾನು ಪೂರ್ತಿ ಅಲ್ಲಗಳೆಯಲ್ಲ. ಅವರ ಭಯ ನಿಜವಾದದ್ದೇ. ಆ ಡ್ರಿಲ್ ಹಿಡಿದ ರಾತ್ರಿ ನನಗೇ ಗೊತ್ತಾಯ್ತು, ‘ಸ್ವಲ್ಪ ಅಡ್ಜಸ್ಟ್ ಮಾಡೋಣ’ ಅನ್ನೋದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ. ಆದರೆ ಆ ಭಯಕ್ಕೆ ಮದ್ದು ಏನನ್ನೂ ಮುಟ್ಟದಿರೋದಲ್ಲ. ಏನನ್ನು ಮುಟ್ಟಬಾರದು ಅಂತ ಮೊದಲೇ ಗೆರೆ ಎಳೆದುಕೊಂಡು, ಮಿಕ್ಕದ್ದಕ್ಕೆ ಧೈರ್ಯವಾಗಿ ಕೈ ಹಾಕೋದು. ಸರಿಯಾದ ಟಾಪಿಗಾಗಿ ಕಾಯುತ್ತಾ ಕೂತಿದ್ದರೆ ಈ ಕಾರು ಅಂಗಡಿ ಕಿಟಕಿಯ ಕಾರ್ಡಾಗಿರುತ್ತಿತ್ತು. ಕೊಂಡವರು ಹೊದಿಕೆ ಹೊದಿಸಿ ಇಡುತ್ತಿದ್ದರೋ, ಓಡಿಸುತ್ತಿದ್ದರೋ, ಯಾರಿಗೆ ಗೊತ್ತು?

ಫೆಬ್ರವರಿಯ ಮೊದಲ ಭಾನುವಾರ ಸಣ್ಣ ಮಳೆ. ಅಜ್ಜ ಕಾರು ಹೊರತೆಗೆದರು. ಟಾಪಿನ ಬಣ್ಣ ಕಾರಿನ ಬಣ್ಣಕ್ಕೆ ಪೂರ್ತಿ ಹೊಂದಿಲ್ಲ, ಹತ್ತಿರ ನಿಂತರೆ ಜೋಡಣೆಯ ಗೆರೆ ಕಾಣುತ್ತೆ. ಅಜ್ಜಿ ಮಫ್ಲರ್ ಸುತ್ತಿಕೊಂಡು ಬಂದು, ಬಗ್ಗಿ, ಒಳಗೆ ಕೂತು, ಬಾಗಿಲು ಹಾಕಿ, ಕಿವಿಗೆ ಕೈ ಹಿಡಿದು ಒಂದು ನಿಮಿಷ ಗಾಳಿ ಬರುತ್ತಾ ಅಂತ ನೋಡಿದರು. ಆಮೇಲೆ ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಇಬ್ಬರೂ ಹೋಗಿ ಒಂದೂವರೆ ಗಂಟೆ ಬಿಟ್ಟು ಬಂದರು.

ಎಡಗಡೆ ಹಿಂದಿನ ಮೂಲೆಯಲ್ಲಿ ಇನ್ನೂ ಒಂಚೂರು ನೀರು ಜಿನುಗುತ್ತೆ. ಅಜ್ಜಿ ಅಲ್ಲೊಂದು ಹಳೇ ಟವೆಲ್ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಟಾಪ್ ತೆಗೆದಾಗ ಸರಿ ಮಾಡೋಣ ಅಂತ ಅಜ್ಜ ಹೇಳಿದ್ದಾರೆ. ಆ ‘ಮಾರಾಟಕ್ಕಿದೆ’ ಕಾರ್ಡು ಏನಾಯ್ತು ಅಂತ ನಾನು ಕೇಳಿಲ್ಲ.

ಮಡಿವಂತ ಗೆಳೆಯರು ಮೊನ್ನೆ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಇದು ಆ ಕಾರಿನದಲ್ಲ’ ಅಂದರು. ‘ಈಗ ಹೌದು’ ಅಂದರು ಅಜ್ಜ.

ನಿಮ್ಮ ಮನೆಯ ಹಳೇ ಸಾಮಾನಿಗೆ ನೀವು ಎಲ್ಲಿ ಗೆರೆ ಎಳೆದುಕೊಂಡಿದ್ದೀರಿ? ಬಿಡುವಾದಾಗ ಬರೀರಿ. ನನ್ನ ತುರಿಕೆ ಈಗ ಕಡಿಮೆಯಾಗಿದೆ, ಇನ್ನು ಮೇಲೆ ಬ್ಲಾಗಿನ ಕಡೆ ಬರ್ತಾ ಇರ್ತೀನಿ.